ಅರಿಕೆಯ ಪುಟದಲ್ಲಿ ಯಾರಿದ್ದಾರೆ?

ಹೊಸ ಪುಸ್ತಕವೊಂದು ಕೈಗೆ ಬಂದರೆ ನಾನು ಮೊದಲು ಹುಡುಕುವುದು ಲೇಖಕರು ಉಪಕಾರ ಸ್ಮರಣೆ ಮಾಡಿರುವ ಪುಟವನ್ನು. ಹಳೆಯ ಪುಸ್ತಕಗಳಲ್ಲಿ ಅದಕ್ಕೆ ‘ಅರಿಕೆ’ ಎಂದೋ ‘ಬಿನ್ನಹ’ ಎಂದೋ ಹೆಸರಿರುತ್ತಿತ್ತು. ಈಗ ‘ಕೃತಜ್ಞತೆಗಳು’, ‘ನೆನಕೆ’, ‘ಇವರಿಗೆಲ್ಲ’ ಎಂದಿರುತ್ತದೆ. ವಿಮರ್ಶೆಯ ಕಣ್ಣು ಈ ಪುಟದ ಮೇಲೆ ಬೀಳುವುದು ಕಡಿಮೆ. ಮುನ್ನುಡಿಯನ್ನು ಚರ್ಚಿಸುತ್ತೇವೆ, ಬೆನ್ನುಡಿಯನ್ನು ಗೇಲಿ ಮಾಡುತ್ತೇವೆ, ಅರಿಕೆಯನ್ನು ಮಾತ್ರ ಮದುವೆ ಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸಿಕೊಂಡ ಹಾಗೆ ದಾಟಿ ಒಳಗೆ ಹೋಗುತ್ತೇವೆ. ಒಬ್ಬ ಬರಹಗಾರ ತನ್ನ ಜೊತೆಗೆ ಕೆಲಸ ಮಾಡಿದವರನ್ನು ಹೇಗೆ ನೋಡಿದ್ದಾನೆ ಎಂಬುದು ಇಡೀ ಪುಸ್ತಕದಲ್ಲಿ ಬಯಲಾಗುವುದು ಆ ಒಂದೂವರೆ ಪುಟದಲ್ಲೇ.

ಪಿಎಚ್‌ಡಿ ಪ್ರಬಂಧಗಳನ್ನು ತೆಗೆದುಕೊಳ್ಳಿ. ನನ್ನ ಮೇಜಿನ ಮೇಲೆ ವರ್ಷಕ್ಕೆ ಏಳೆಂಟಾದರೂ ಬರುತ್ತವೆ. ಅವುಗಳ ಕೃತಜ್ಞತೆಯ ಪುಟಕ್ಕೆ ಒಂದು ಶ್ರೇಣಿ ಇದೆ, ಅದು ಸರ್ಕಾರಿ ಸಮಾರಂಭದ ವೇದಿಕೆಯ ಶ್ರೇಣಿಯೇ. ಮೊದಲು ಮಾರ್ಗದರ್ಶಕರು, ಆಮೇಲೆ ವಿಭಾಗದ ಮುಖ್ಯಸ್ಥರು, ಕುಲಸಚಿವರು, ಕುಲಪತಿಗಳು. ಕುಲಪತಿಗಳು ಈ ಪ್ರಬಂಧದ ಹೆಸರನ್ನೂ ಕೇಳಿರಲಾರರು, ಆದರೂ ಅವರಿಗೆ ‘ಅನಂತ ವಂದನೆ’. ನಂತರ ಗ್ರಂಥಾಲಯದ ಸಿಬ್ಬಂದಿ, ಬಹುವಚನದಲ್ಲಿ, ಹೆಸರಿಲ್ಲದೆ. ಆಮೇಲೆ ಸಂಶೋಧನ ಮಿತ್ರರು, ತಂದೆ ತಾಯಿ, ಹೆಂಡತಿ ಮಕ್ಕಳು. ಕಟ್ಟಕಡೆಗೆ ‘ಅಂದವಾಗಿ ಡಿಟಿಪಿ ಮಾಡಿಕೊಟ್ಟ’ ಒಬ್ಬರು. ಅವರು ಪಂಪನ ಹಳಗನ್ನಡ ಉದ್ಧರಣೆಗಳಲ್ಲಿ ಶಕಟರೇಫ ಎಲ್ಲಿ, ರಳ ಎಲ್ಲಿ ಎಂದು ಮೂರು ಸಲ ಕೇಳಿ ಕೇಳಿ ಸರಿಪಡಿಸಿರುತ್ತಾರೆ. ಅದು ಎಲ್ಲೂ ಬಂದಿರುವುದಿಲ್ಲ. ಕೊನೆಯ ಸಾಲು ನಿಮಗೆ ಗೊತ್ತೇ ಇದೆ: ಪ್ರತ್ಯಕ್ಷವಾಗಿ ಮತ್ತು ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ. ಈ ‘ಪರೋಕ್ಷ’ ಎಂಬ ಪದದಷ್ಟು ಜನರನ್ನು ಒಟ್ಟಿಗೆ ನುಂಗಿದ ಪದ ಕನ್ನಡದಲ್ಲಿ ಇನ್ನೊಂದಿಲ್ಲ.

ಇದನ್ನು ವಿದ್ಯಾರ್ಥಿಗಳ ತಪ್ಪು ಎನ್ನಲಾರೆ. ಹಿಂದಿನ ಪ್ರಬಂಧವನ್ನು ನೋಡಿ ಮುಂದಿನವರು ಬರೆಯುತ್ತಾರೆ, ಅದರಲ್ಲಿ ಒಂದು ಹೆಸರು ಮೇಲೆ ಕೆಳಗೆ ಆದರೂ ಏನಾಗಬಹುದು ಎಂಬ ಅಂಜಿಕೆ ಅವರಿಗಿದೆ. ಆ ಅಂಜಿಕೆ ಸುಳ್ಳಲ್ಲ. ಆದರೆ ಅಂಜಿಕೆ ಬರೆಸಿದ ಪುಟವನ್ನು ಕೃತಜ್ಞತೆ ಎಂದು ಕರೆಯುವುದು ಹೇಗೆ?

ಪದಗಳನ್ನೇ ನೋಡೋಣ. ‘ಕೃತಜ್ಞ’ ಎಂದರೆ ಕೃತವನ್ನು ಬಲ್ಲವನು, ಮಾಡಿದ್ದನ್ನು ತಿಳಿದವನು. ಅದರಲ್ಲಿ ಹೊಗಳಿಕೆಯಿಲ್ಲ, ಬಾಗುವುದಿಲ್ಲ, ಸಾಲ ತೀರಿಸುವ ಮಾತೂ ಇಲ್ಲ. ತಿಳಿವಳಿಕೆ ಇದೆ. ‘ಅರಿಕೆ’ಯ ಬೇರಿನಲ್ಲೂ ಇರುವುದು ಅರಿಯುವುದು, ಅರಿಯುವಂತೆ ಮಾಡುವುದು. ಹಾಗಾಗಿ ಕನ್ನಡದ ಈ ಪುಟಕ್ಕೆ ಇರುವ ಎರಡು ಒಳ್ಳೆಯ ಹೆಸರುಗಳೂ, ಒಂದು ಸಂಸ್ಕೃತದ್ದು, ಒಂದು ನಮ್ಮದೇ, ಒಂದೇ ಕೆಲಸವನ್ನು ಕೇಳುತ್ತಿವೆ: ಇನ್ನೊಬ್ಬ ಮಾಡಿದ ಕೆಲಸ ಯಾವುದು ಎಂದು ನಿನಗೆ ಗೊತ್ತಿದೆಯೇ, ಗೊತ್ತಿದ್ದರೆ ಹೇಳು. ‘ಚಿರಋಣಿ’ ಎಂಬ ಪದ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಕೊಡದಿರಲೆಂದೇ ಅದು ಇದೆಯೇನೋ ಎಂದು ಒಮ್ಮೊಮ್ಮೆ ನನಗೆ ಅನ್ನಿಸುತ್ತದೆ.

ಕನ್ನಡದವರಿಗೆ ಥ್ಯಾಂಕ್ಸ್ ಹೇಳುವ ಅಭ್ಯಾಸವಿಲ್ಲ ಎಂದು ಹೇಳುವವರಿದ್ದಾರೆ. ಅದು ಅರ್ಧ ನಿಜ. ಮನೆಯಲ್ಲಿ ನೀರು ಕೊಟ್ಟ ತಂಗಿಗೆ ‘ಧನ್ಯವಾದ’ ಎಂದರೆ ಅವಳು ಹಣೆ ಮುಟ್ಟಿ ಜ್ವರ ನೋಡಿಯಾಳು. ಜೊತೆಗೆ ಕೆಲಸ ಮಾಡುವವರ ನಡುವೆಯೂ ಹಳ್ಳಿಯಲ್ಲಿ ಈ ಮಾತು ಬಳಕೆಯಲ್ಲಿರಲಿಲ್ಲ. ಅಲ್ಲಿ ಇದ್ದದ್ದು ಮುಯ್ಯಾಳು. ನಿನ್ನ ಗದ್ದೆಯ ನಾಟಿಗೆ ಇವತ್ತು ನಾನು ಬಂದರೆ, ನನ್ನ ಗದ್ದೆಯ ನಾಟಿಗೆ ನಾಳೆ ನೀನು ಬರಬೇಕು. ಕೂಲಿ ಇಲ್ಲ, ಕಾಗದವಿಲ್ಲ. ಯಾರು ಎಷ್ಟು ಹೊತ್ತು ಬಗ್ಗಿದರು, ಯಾರ ಮನೆಯ ಸೊಸೆ ಬಸುರಿ ಎಂದು ಅರ್ಧ ದಿನಕ್ಕೇ ಕಳಿಸಿಕೊಟ್ಟರು, ಎಲ್ಲವೂ ಎಲ್ಲರಿಗೂ ನೆನಪಿರುತ್ತಿತ್ತು. ಮದುವೆಯಲ್ಲಿ ಮುಯ್ಯಿ ಓದಿಸುವುದೂ ಇದೇ ಲೆಕ್ಕ. ತಮಾಷೆಯೆಂದರೆ ಹಗೆ ತೀರಿಸಿಕೊಳ್ಳುವುದಕ್ಕೂ ನಾವು ‘ಮುಯ್ಯಿ ತೀರಿಸಿಕೊಳ್ಳುವುದು’ ಎನ್ನುತ್ತೇವೆ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಒಂದೇ ಪದ ಸಾಕಾದದ್ದು ಏಕೆಂದರೆ ಎರಡರಲ್ಲೂ ಇರುವುದು ನೆನಪೇ. ಮಾಡಿದ್ದನ್ನು ಮರೆಯದಿರುವುದು.

ಮುಯ್ಯಾಳಿಗೆ ಒಂದು ಷರತ್ತಿದೆ: ಇಬ್ಬರಿಗೂ ಗದ್ದೆ ಇರಬೇಕು. ಒಬ್ಬನಿಗೆ ಮಾತ್ರ ಗದ್ದೆಯಿದ್ದರೆ ಅದು ಕೂಲಿಯಾಗುತ್ತದೆ, ಕೆಲವು ಕಾಲದಲ್ಲಿ, ಕೆಲವು ಊರುಗಳಲ್ಲಿ ಜೀತವೂ ಆಗಿತ್ತು. ಆಗ ಕೃತಜ್ಞತೆಯ ಪದಗಳೂ ಬದಲಾಗುತ್ತವೆ. ಉಂಡ ಮನೆಗೆ ಎರಡು ಬಗೆಯಬೇಡ. ಅನ್ನದ ಋಣ. ಉಪ್ಪಿನ ಋಣ. ಈ ಮಾತುಗಳನ್ನು ಉಣಿಸಿದವರು ಹೇಳುತ್ತಾರೆಯೇ, ಉಂಡವರು ಹೇಳುತ್ತಾರೆಯೇ ಎಂದು ಗಮನಿಸಿ ನೋಡಿ. ಇವತ್ತಿನ ಕಚೇರಿಯಲ್ಲಿ ‘ಸಂಸ್ಥೆ ನಿಮಗೆ ಏನೆಲ್ಲ ಕೊಟ್ಟಿದೆ’ ಎಂದು ಮೇಲಿನವರು ಶುರು ಮಾಡಿದರೆ, ಮುಂದೆ ಬರುವುದು ರಜೆ ಕೊಡುವುದಿಲ್ಲ ಎಂಬ ಸುದ್ದಿಯೇ ಇರಬಹುದು. ಈ ಬಗೆಯ ಉಪಕಾರಕ್ಕೆ ಕನ್ನಡದಲ್ಲಿ ಚುಚ್ಚುವ ಒಂದು ಪದವಿದೆ: ಹಂಗು. ಋಣವನ್ನು ತೀರಿಸಬಹುದು. ಹಂಗಿನಲ್ಲಿ ಬದುಕುತ್ತಾ ಇರಬೇಕಾಗುತ್ತದೆ.

ಸಹೋದ್ಯೋಗಿಗಳ ನಡುವಿನ ಕೃತಜ್ಞತೆ ನನಗೆ ಮುಖ್ಯವೆನ್ನಿಸುವುದು ಇದಕ್ಕೇ. ಅದು ಹಂಗಿಲ್ಲದ ಕೃತಜ್ಞತೆ ಆಗಬಲ್ಲದು. ಅಥವಾ ಆಗಬೇಕು. ಹನ್ನೆರಡನೆಯ ಶತಮಾನದ ಶರಣರಲ್ಲಿ ಇದರ ಒಂದು ರೂಪ ಕಾಣುತ್ತದೆ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಚೌಡಯ್ಯ, ಬಟ್ಟೆ ಮಡಿ ಮಾಡುವ ಮಾಚಯ್ಯ, ಚೆಲ್ಲಿದ ಅಕ್ಕಿ ಆಯುವ ಮಾರಯ್ಯ ಲಕ್ಕಮ್ಮ ದಂಪತಿ, ಅರಸನ ಭಂಡಾರದ ಲೆಕ್ಕ ನೋಡುವ ಬಸವಣ್ಣ, ಇವರೆಲ್ಲ ಕಾಯಕದ ಹೆಸರಿನಿಂದಲೇ ಗುರುತಾದವರು. ಇವರ ವಚನಗಳಲ್ಲಿ ಒಂದು ಬಗೆಯವು ಪಟ್ಟಿಗಳು: ಇಂಥವರಿಂದ ನನಗೆ ಭಕ್ತಿ ಬಂತು, ಇಂಥವರಿಂದ ಜ್ಞಾನ, ಇಂಥವರಿಂದ ವೈರಾಗ್ಯ ಎಂದು ಹೆಸರು ಹೆಸರಾಗಿ ಹೇಳುವಂಥವು. ಅಕ್ಕಮಹಾದೇವಿಯಲ್ಲಿ ಇವು ಇವೆ, ಬೇರೆಯವರಲ್ಲೂ ಇವೆ. ಓದುವಾಗ ನಾವು ಇವುಗಳ ಮೇಲೆ ನಿಲ್ಲುವುದಿಲ್ಲ, ಕಾವ್ಯ ಕಡಿಮೆಯೆಂದು. ನಿಜ, ಕೆಲವು ಬರೀ ಸೂತ್ರಗಳಾಗಿವೆ. ಆದರೆ ಒಳ್ಳೆಯವುಗಳಲ್ಲಿ ಒಂದು ಗುಣವಿದೆ: ಯಾರಿಂದ ಏನು ಬಂತು ಎಂಬುದು ಕಲಸಿಹೋಗಿಲ್ಲ. ಇವನಿಂದ ಬಂದದ್ದನ್ನು ಅವನ ಹೆಸರಿಗೆ ಬರೆದಿಲ್ಲ. ಲೆಕ್ಕದ ಪುಸ್ತಕ ಇಟ್ಟವರೂ ಅಲ್ಲಿ ಇದ್ದರಲ್ಲ.

ಇಲ್ಲಿಂದ ಒಮ್ಮೆಲೇ ಇಪ್ಪತ್ತನೆಯ ಶತಮಾನಕ್ಕೆ, ವಿಶ್ವವಿದ್ಯಾಲಯಗಳಿಗೆ ಬರುತ್ತೇನೆ, ಯಾಕೆಂದರೆ ಕನ್ನಡದಲ್ಲಿ ಸಹೋದ್ಯೋಗಿಗಳು ಸಹೋದ್ಯೋಗಿಗಳಿಗೆ ವಂದನೆ ಹೇಳುವ ಒಂದು ಪ್ರಕಾರವೇ ಅಲ್ಲಿ ಹುಟ್ಟಿತು: ಅಭಿನಂದನ ಗ್ರಂಥ. 1941ರಲ್ಲಿ ಬಿ.ಎಂ. ಶ್ರೀಕಂಠಯ್ಯನವರಿಗೆ ಒಪ್ಪಿಸಿದ ‘ಸಂಭಾವನೆ’ ಈ ಪ್ರಕಾರಕ್ಕೆ ಮೇಲ್ಪಂಕ್ತಿ. ಸಂಭಾವನೆ ಎಂದರೆ ಗೌರವ. ಈಗ ನಾವು ಆ ಪದವನ್ನು ಬಳಸುವುದು ಭಾಷಣಕ್ಕೆ ಬಂದವರಿಗೆ ಕೊಡುವ ಲಕೋಟೆಗೆ. ಪದದ ಈ ಇಳಿಜಾರಿನಲ್ಲೇ ಒಂದು ಸಾಂಸ್ಕೃತಿಕ ಚರಿತ್ರೆ ಇದೆ, ಅದು ಬೇರೆ ಲೇಖನಕ್ಕಿರಲಿ.

ಅಭಿನಂದನ ಗ್ರಂಥಕ್ಕೆ ಸಾಮಾನ್ಯವಾಗಿ ಎರಡು ಭಾಗ. ಒಂದರಲ್ಲಿ ವ್ಯಕ್ತಿಯ ಬಗ್ಗೆ ಲೇಖನಗಳು, ಇನ್ನೊಂದರಲ್ಲಿ ಅವರ ವಿಷಯದ ಮೇಲೆ ಸಂಶೋಧನ ಲೇಖನಗಳು. ಮೊದಲ ಭಾಗವನ್ನು ಓದುವುದು ಹಬ್ಬದ ಊಟದಲ್ಲಿ ಏಳನೆಯ ಹೋಳಿಗೆ ತಿಂದ ಹಾಗೆ. ಎಲ್ಲರೂ ಅಜಾತಶತ್ರುಗಳು, ನಡೆದಾಡುವ ವಿಶ್ವಕೋಶಗಳು, ಸರಳ ಸಜ್ಜನಿಕೆಯ ಸಾಕಾರಮೂರ್ತಿಗಳು. ಹೆಸರು ಅಳಿಸಿ ಬೇರೆ ಹೆಸರು ಬರೆದರೆ ಯಾವ ವಾಕ್ಯವೂ ಕೆಡುವುದಿಲ್ಲ. ಎರಡನೆಯ ಭಾಗದಲ್ಲಿ ಆ ವ್ಯಕ್ತಿಯ ಹೆಸರು ಎಷ್ಟೋ ಸಲ ಬರುವುದೇ ಇಲ್ಲ. ಒಂದು ಶಾಸನದ ಪಾಠ, ಒಂದು ಛಂದಸ್ಸಿನ ಸಮಸ್ಯೆ, ಒಂದು ಪದದ ಬೇರು. ಆದರೆ ‘ನೀವು ಬಿತ್ತಿದ ಗದ್ದೆಯಲ್ಲಿ ನಾನೂ ಒಂದು ದಿನ ಬಗ್ಗಿ ಕೆಲಸ ಮಾಡಿದ್ದೇನೆ’ ಎಂದು ಆ ಲೇಖನ ಹೇಳುತ್ತಿರುತ್ತದೆ. ಅದು ಮುಯ್ಯಾಳು. ಈಚೆಗೆ ಬರುತ್ತಿರುವ ಅಭಿನಂದನ ಗ್ರಂಥಗಳಲ್ಲಿ ಮೊದಲ ಭಾಗ ಉಬ್ಬುತ್ತಾ, ಎರಡನೆಯದು ಸೊರಗುತ್ತಾ ಹೋಗಿದೆ. ಕೆಲವಕ್ಕೆ ಎರಡನೆಯ ಭಾಗವೇ ಇಲ್ಲ, ಅದರ ಜಾಗದಲ್ಲಿ ಬಣ್ಣದ ಫೋಟೋಗಳಿವೆ.

ಹೊಗಳಿಕೆಗೂ ಕೃತಜ್ಞತೆಗೂ ಇರುವ ಅಂತರವನ್ನು ನಾನು ಕಣ್ಣಾರೆ ಕಂಡದ್ದು ಪುಸ್ತಕದಲ್ಲಲ್ಲ, ಒಂದು ಬೀಳ್ಕೊಡುಗೆಯಲ್ಲಿ. ನಾನು ಹಿಂದೆ ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಗ್ರಂಥಾಲಯದ ಅಟೆಂಡರ್ ಒಬ್ಬರು ನಿವೃತ್ತರಾದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಐದಾರು ಜನ ಮಾತಾಡಿದರು, ಎಲ್ಲರೂ ಅವರ ‘ನಿಷ್ಠೆ’ಯನ್ನು ಹೊಗಳಿದರು. ಆ ಮನುಷ್ಯ ತಲೆ ತಗ್ಗಿಸಿ ಕೂತಿದ್ದರು, ಬೇರೆ ಯಾರದೋ ಕಾರ್ಯಕ್ರಮಕ್ಕೆ ಬಂದ ಹಾಗೆ. ಕೊನೆಗೆ ಇತಿಹಾಸದ ಮೇಡಂ ಎದ್ದು ನಿಂತು ಭಾಷಣವನ್ನೇ ಮಾಡಲಿಲ್ಲ. ‘ಅಣ್ಣಾ, ಆ ವರ್ಷ ಮಳೆಗಾಲದಲ್ಲಿ ಹಿಂದಿನ ಕೋಣೆ ಸೋರಿತಲ್ಲ, ಹಳೆಯ ಗ್ಯಾಸೆಟಿಯರುಗಳನ್ನೆಲ್ಲ ನೀವು ಒಬ್ಬರೇ ಮಹಡಿಗೆ ಸಾಗಿಸಿದಿರಿ. ಒದ್ದೆಯಾದ ಹಾಳೆಗಳ ನಡುವೆ ಒಂದೊಂದಕ್ಕೂ ಪೇಪರ್ ಇಟ್ಟು ಫ್ಯಾನ್ ಕೆಳಗೆ ಒಣಗಿಸಿದಿರಿ. ನನ್ನ ಮೂರನೇ ಅಧ್ಯಾಯ ಬರೆದದ್ದು ಆ ಪುಸ್ತಕಗಳಿಂದ’ ಎಂದರು. ಅಷ್ಟೇ. ಅವರು ತಲೆ ಎತ್ತಿ, ‘ಪೇಪರ್ ಅಲ್ಲ ಮೇಡಂ, ಬ್ಲಾಟಿಂಗ್ ಪೇಪರು. ಕೆಮಿಸ್ಟ್ರಿ ಡಿಪಾರ್ಟ್‌ಮೆಂಟಿಂದ ಈಸ್ಕೊಂಡಿದ್ದೆ’ ಎಂದು ತಿದ್ದಿದರು. ಇಡೀ ಸಮಾರಂಭದಲ್ಲಿ ಅವರು ಆಡಿದ ಮಾತು ಅದೊಂದೇ. ತನ್ನ ಕೆಲಸದ ಮಾತು ಬಂದಾಗ ಮಾತ್ರ ಅವರು ಅಲ್ಲಿ ಇದ್ದರು.

ಈಗ ಕೃತಿಗಳಿಗೆ ಬರೋಣ. ಕನ್ನಡದ ಅತ್ಯಂತ ಪ್ರಸಿದ್ಧ ಅರ್ಪಣೆ ಕುವೆಂಪು ಅವರದು. 1949ರಲ್ಲಿ ಪ್ರಕಟವಾಗತೊಡಗಿದ ‘ಶ್ರೀ ರಾಮಾಯಣ ದರ್ಶನಂ’ ಟಿ.ಎಸ್. ವೆಂಕಣ್ಣಯ್ಯನವರಿಗೆ ಅರ್ಪಿತವಾಗಿದೆ. ಪಾಠಗಳಲ್ಲಿ ಇದನ್ನು ಗುರುಭಕ್ತಿಯ ಉದಾಹರಣೆಯಾಗಿ ಹೇಳಿ ಮುಗಿಸುತ್ತಾರೆ. ಅದು ಗುರುಭಕ್ತಿ ಹೌದು. ಆದರೆ ವೆಂಕಣ್ಣಯ್ಯನವರು ಕುವೆಂಪು ಅವರಿಗೆ ಗುರುವಾಗಿದ್ದದ್ದಕ್ಕಿಂತ ಹೆಚ್ಚು ಕಾಲ ಸಹೋದ್ಯೋಗಿಯಾಗಿದ್ದರು ಎಂಬುದನ್ನು ಮರೆಯುತ್ತೇವೆ. ಎಂ.ಎ. ಮುಗಿಸಿ 1929ರಲ್ಲಿ ಕುವೆಂಪು ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾದರು. ಅಲ್ಲಿಂದ ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಳ್ಳುವವರೆಗೆ ಇಬ್ಬರೂ ಒಂದೇ ವಿಶ್ವವಿದ್ಯಾಲಯದ ಕನ್ನಡದ ಮೇಷ್ಟರು. ಒಂದೇ ವೇಳಾಪಟ್ಟಿ, ಅದೇ ಪರೀಕ್ಷೆಯ ಕಟ್ಟುಗಳು.

ವೆಂಕಣ್ಣಯ್ಯನವರ ಹೆಸರಿನಲ್ಲಿ ದೊಡ್ಡ ಗ್ರಂಥರಾಶಿಯಿಲ್ಲ. ಎ.ಆರ್. ಕೃಷ್ಣಶಾಸ್ತ್ರಿಗಳ ಜೊತೆ ಸೇರಿ ‘ಹರಿಶ್ಚಂದ್ರಕಾವ್ಯ ಸಂಗ್ರಹ’ದಂಥ ಕೆಲಸ ಮಾಡಿದರು. ಅವರಿಬ್ಬರನ್ನು ಜನ ಕನ್ನಡದ ಅಶ್ವಿನೀ ದೇವತೆಗಳು ಎನ್ನುತ್ತಿದ್ದರು. ಉಳಿದ ಹೊತ್ತೆಲ್ಲ ಇನ್ನೊಬ್ಬರ ಬರಹ ಕೇಳುವುದಕ್ಕೆ, ತಿದ್ದುವುದಕ್ಕೆ, ಬರೆಯದವರನ್ನು ಬರೆಸುವುದಕ್ಕೆ ಹೋಯಿತು. ಇಂಥವರ ಕೆಲಸ ಗ್ರಂಥಸೂಚಿಯಲ್ಲಿ ಸಿಕ್ಕುವುದಿಲ್ಲ. ಅದು ದಾಖಲಾಗುವುದು ಬೇರೆಯವರ ಅರಿಕೆಯ ಪುಟಗಳಲ್ಲಿ ಮಾತ್ರ. ಕುವೆಂಪು ಅವರ ಅರ್ಪಣೆಯ ಪದ್ಯ ನನಗೆ ದೊಡ್ಡದಾಗಿ ಕಾಣುವುದು ಅದರ ಧಾಟಿಯಿಂದ. ತೀರಿಹೋಗಿ ಹತ್ತು ವರ್ಷವಾದ ಹಿರಿಯರ ಮುಂದೆ ನಿಂತು, ಅಗೋ ನೀವು ಹರಸಿದ್ದ ಕೆಲಸ, ಮುಗಿಸಿ ತಂದಿದ್ದೇನೆ ಎಂದು ವರದಿ ಒಪ್ಪಿಸುವ ಧಾಟಿ ಅದು. ಹೊಗಳಿಕೆಯ ಭಾರವೆಲ್ಲ ‘ಮುಗಿಸಿದೆ’ ಎಂಬ ಒಂದು ಸುದ್ದಿಯ ಹಿಂದೆ ನಿಂತುಬಿಡುತ್ತದೆ. ಕೇಳುವ ಕಿವಿಯಾಗಿದ್ದವರಿಗೆ ಕೊಡಬಹುದಾದದ್ದು ಇನ್ನೇನಿದೆ? ಕೇಳಿಸಿಕೊಂಡದ್ದು ವ್ಯರ್ಥವಾಗಲಿಲ್ಲ ಎಂಬ ಸಮಾಚಾರವೇ.

ಇದರ ಎದುರು ದಿಕ್ಕಿನಲ್ಲಿ ಯಶವಂತ ಚಿತ್ತಾಲರ ‘ಶಿಕಾರಿ’ ಇದೆ, 1979ರದು. ಮುಂಬಯಿಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವ ನಾಗಪ್ಪ ಒಮ್ಮೆಲೇ ಅಮಾನತಾಗುತ್ತಾನೆ, ಯಾಕೆ ಎಂದು ತಿಳಿಯದೆ ಒದ್ದಾಡುತ್ತಾನೆ. ಅಲ್ಲಿಂದಾಚೆ ಯಾರ ಒಳ್ಳೆಯ ಮಾತೂ ಅವನಿಗೆ ಬರೀ ಒಳ್ಳೆಯ ಮಾತಾಗಿ ಕೇಳಿಸುವುದಿಲ್ಲ. ಯಾರು ಏನು ಮಾಡಿದರು ಎಂಬುದು ಮುಚ್ಚಿಹೋದ ಜಾಗದಲ್ಲಿ ಕೃತಜ್ಞತೆ ಸಾಧ್ಯವೇ ಇಲ್ಲ, ಅಲ್ಲಿ ಉಳಿಯುವುದು ಗುಮಾನಿ. ಈ ಕಾದಂಬರಿಯನ್ನು ನಾವು ಅಸ್ತಿತ್ವದ ಭಯದ ಕಥೆಯಾಗಿ ಓದಿದ್ದೇವೆ, ಸರಿಯೇ. ಅದನ್ನು ಕಚೇರಿಯ ಕಥೆಯಾಗಿಯೂ ಓದಬೇಕು. ರಾಸಾಯನಿಕ ಉದ್ಯಮದಲ್ಲಿ ದುಡಿದ ಚಿತ್ತಾಲರಿಗೆ ಆ ಕಾರಿಡಾರುಗಳ ವಾಸನೆ ಗೊತ್ತಿತ್ತು.

‘ಶಿಕಾರಿ’ಯ ಮರುವರ್ಷ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಬಂತು. ಅದನ್ನು ವಿಜ್ಞಾನದ, ಕಾಡಿನ, ವಿಸ್ಮಯದ ಕಾದಂಬರಿಯಾಗಿ ಎಲ್ಲರೂ ಬಲ್ಲರು. ನನಗೆ ಅದು ಸಹೋದ್ಯೋಗದ ಕಾದಂಬರಿ. ಕರ್ವಾಲೊ ವಿಜ್ಞಾನಿ. ಮಂದಣ್ಣ ಊರಿನವರ ಕಣ್ಣಿಗೆ ಅಲೆಮಾರಿ, ಉಂಡಾಡಿ. ನಿರೂಪಕರಿಗೂ ಮೊದಲು ಹಾಗೆಯೇ ಕಾಣುತ್ತಾನೆ. ಇಷ್ಟು ಓದಿದ ವಿಜ್ಞಾನಿಗೆ ಈ ಮಂದಣ್ಣನ ಹತ್ತಿರ ಏನು ಕೆಲಸ ಎಂಬ ಗೊಂದಲ ಕಾದಂಬರಿಯ ಮೊದಲ ಭಾಗವನ್ನು ನಡೆಸುತ್ತದೆ. ಕರ್ವಾಲೊ ಅವರಿಗೆ ಮಾತ್ರ ಗೊಂದಲವಿಲ್ಲ. ಮಂದಣ್ಣ ಹುಟ್ಟಾ ಪ್ರಕೃತಿ ವಿಜ್ಞಾನಿ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಅವನ ಎದುರು ಹೇಳುವುದಕ್ಕಿಂತ, ಅವನನ್ನು ಹಗುರವಾಗಿ ಕಂಡವರ ಎದುರು ಹೇಳುತ್ತಾರೆ. ಇದನ್ನು ಗಮನಿಸಬೇಕು. ಸಹೋದ್ಯೋಗಿಗೆ ಅವನ ಮುಖದೆದುರು ಹೇಳುವ ಥ್ಯಾಂಕ್ಸ್‌ನಿಂದ ಅವನಿಗೆ ಆ ಹೊತ್ತಿನ ಸಂತೋಷ ಸಿಗಬಹುದು. ಅವನಿಲ್ಲದ ಕಡೆ, ಅವನನ್ನು ಲೆಕ್ಕಕ್ಕಿಡದವರ ನಡುವೆ, ಈ ಕೆಲಸ ಅವನದು ಎಂದು ಹೇಳುವುದು ಅವನ ಜಾಗವನ್ನೇ ಬದಲಿಸುತ್ತದೆ.

ಕರ್ವಾಲೊ ಎಲ್ಲೂ ವಂದನಾರ್ಪಣೆ ಮಾಡುವುದಿಲ್ಲ. ಮಂದಣ್ಣನ ಮದುವೆಯ ತಲೆನೋವಿಗೆ ತಲೆ ಕೊಡುತ್ತಾರೆ, ಅವನು ಕೇಸಿನಲ್ಲಿ ಸಿಕ್ಕಿಬಿದ್ದಾಗ ಓಡಾಡುತ್ತಾರೆ. ಓದುಗರಿಗೆ ಇದು ವಿಜ್ಞಾನಿಯ ಔದಾರ್ಯದಂತೆ ಕಾಣಬಹುದು. ನನಗೆ ಇದು ಮುಯ್ಯಿ. ಹಾರುವ ಓತಿಯನ್ನು ಕಂಡ ಕಣ್ಣು ಮಂದಣ್ಣನದು. ಕಾಡಿನಲ್ಲಿ ಅವನು ಕರ್ವಾಲೊ ಅವರ ಗದ್ದೆಯಲ್ಲಿ ಕೆಲಸ ಮಾಡಿದ್ದಾನೆ, ಊರಿನಲ್ಲಿ ಇವರು ಅವನ ಗದ್ದೆಯಲ್ಲಿ ಮಾಡುತ್ತಿದ್ದಾರೆ. ಇಬ್ಬರಿಗೂ ಗದ್ದೆಯಿದೆ ಎಂದು ಕರ್ವಾಲೊ ನಂಬಿದ್ದಾರೆ, ಅದೇ ಅವರ ದೊಡ್ಡತನ. ಕೊನೆಯ ಪಯಣದಲ್ಲಿ ಅಡುಗೆಯ ಬಿರಿಯಾನಿ ಕರಿಯಪ್ಪನೂ ಕ್ಯಾಮರಾದ ಪ್ರಭಾಕರನೂ ಹಾವಾಡಿಗ ಎಂಗ್ಟನೂ ನಾಯಿ ಕಿವಿಯೂ ಸೇರಿ ನಡೆಯುವಾಗ, ಯಾರನ್ನು ಬಿಟ್ಟರೂ ಆ ಪಯಣ ಇಲ್ಲ ಎಂಬುದನ್ನು ತೇಜಸ್ವಿ ಜಗಳ, ತಮಾಷೆ, ಬೈಗುಳಗಳಲ್ಲೇ ತೋರಿಸುತ್ತಾರೆ. ಕನ್ನಡದ ಅತ್ಯುತ್ತಮ ಅರಿಕೆಯ ಪುಟ ಈ ಪಯಣವೇ ಇರಬಹುದು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಓತಿ ಸಿಕ್ಕುವುದಿಲ್ಲ. ಪ್ರಪಾತದ ಅಂಚಿನಿಂದ ಹಾರಿ ಹೋಗುತ್ತದೆ. ನಿಗೂಢವನ್ನು ಹಿಡಿಯಲಾಗದು ಎಂಬ ಅರ್ಥದಲ್ಲಿ ಈ ಮುಕ್ತಾಯವನ್ನು ನಾವೆಲ್ಲ ಮೆಚ್ಚಿದ್ದೇವೆ. ಆದರೆ ಒಮ್ಮೆ ಸಿಕ್ಕಿದ್ದರೆ? ಕರ್ವಾಲೊ ಒಂದು ವೈಜ್ಞಾನಿಕ ಪ್ರಬಂಧ ಬರೆಯಬೇಕಾಗುತ್ತಿತ್ತು. ಅದರ ಮೇಲೆ ಯಾರ ಹೆಸರು ಇರುತ್ತಿತ್ತು? ಮಂದಣ್ಣ ಲೇಖಕನಾಗುತ್ತಿದ್ದನೇ, ಅಥವಾ ಕೊನೆಯಲ್ಲಿ ‘ಸ್ಥಳೀಯರೊಬ್ಬರ ನೆರವಿನಿಂದ’ ಆಗುತ್ತಿದ್ದನೇ? ಓತಿಯನ್ನು ಹಾರಿಸಿಬಿಟ್ಟು ತೇಜಸ್ವಿ ಈ ಕಷ್ಟದಿಂದ ಕರ್ವಾಲೊ ಅವರನ್ನು ಪಾರು ಮಾಡಿದರು. ತಮ್ಮನ್ನೂ ಪಾರು ಮಾಡಿಕೊಂಡರು ಎಂದರೆ ತೇಜಸ್ವಿ ಅಭಿಮಾನಿಗಳು ಸಿಟ್ಟಾಗಬಾರದು, ನಾನೂ ಅವರಲ್ಲೊಬ್ಬ.

ಈ ಪ್ರಶ್ನೆಯನ್ನು ಕಾದಂಬರಿಯಿಂದ ಹೊರಗೆ ತಂದು ನೋಡಲು ನಮ್ಮಲ್ಲೇ ಒಬ್ಬರಿದ್ದಾರೆ: ಬಿ.ಜಿ.ಎಲ್. ಸ್ವಾಮಿ. ಡಿ.ವಿ.ಜಿ. ಅವರ ಮಗ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯವಿಜ್ಞಾನಿ, ‘ಹಸುರು ಹೊನ್ನು’ ಬರೆದವರು. ಸಹೋದ್ಯೋಗಿಗಳ ಸಣ್ಣತನವನ್ನು ಅವರಷ್ಟು ನಗಿಸುತ್ತಾ ಬಯಲು ಮಾಡಿದವರು ಕನ್ನಡದಲ್ಲಿ ಕಡಿಮೆ. ‘ಕಾಲೇಜು ರಂಗ’, ‘ಕಾಲೇಜು ತರಂಗ’ಗಳನ್ನು ಓದಿದ ಮೇಲೆ ಯಾವ ಸ್ಟಾಫ್ ರೂಮಿಗೂ ಹಳೆಯ ಮುಗ್ಧತೆಯಿಂದ ಕಾಲಿಡಲಾಗುವುದಿಲ್ಲ. ಇಂಥ ಚುಚ್ಚು ನಾಲಿಗೆಯವರು ತಮ್ಮ ಕೃತಜ್ಞತೆಯನ್ನು ಎಲ್ಲಿಟ್ಟಿದ್ದರು? ಸಸ್ಯಗಳ ಹೆಸರುಗಳಲ್ಲಿ. ಹಾರ್ವರ್ಡ್‌ನಲ್ಲಿ ಅವರು ಇರ್ವಿಂಗ್ ಬೈಲಿ ಎಂಬ ಸಸ್ಯವಿಜ್ಞಾನಿಯ ಜೊತೆ ಕೆಲಸ ಮಾಡಿದರು, ಇಬ್ಬರೂ ಸೇರಿ ಬರೆದ ಪ್ರಬಂಧಗಳಿವೆ. ಮುಂದೆ 1950ರ ದಶಕದಲ್ಲಿ ದಕ್ಷಿಣ ಭಾರತದ ಒಂದು ಸಸ್ಯವನ್ನು ಹೊಸ ಪ್ರಭೇದವೆಂದು ವಿವರಿಸಿದಾಗ ಸ್ವಾಮಿ ಅದಕ್ಕೆ ‘ಸಾರ್ಕಾಂಡ್ರ ಇರ್ವಿಂಗ್‌ಬೈಲೆಯಿ’ ಎಂದು ಹೆಸರಿಟ್ಟರು. ಭಾರತದ ಹಿರಿಯ ಸಸ್ಯವಿಜ್ಞಾನಿ ಪಂಚಾನನ ಮಾಹೇಶ್ವರಿ ಅವರ ಹೆಸರಿನಲ್ಲಿ ಇನ್ನೊಂದು: ‘ಅಸ್ಕರೀನ ಮಾಹೇಶ್ವರಿ’.

ಮೊದಲ ಹೆಸರನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹೂಬಿಡುವ ಬಹುಪಾಲು ಗಿಡಮರಗಳ ಕಾಂಡದಲ್ಲಿ ನೀರು ಮೇಲೇರಲು ಸಣ್ಣ ಕೊಳವೆಗಳ ಸಾಲು ಇರುತ್ತದೆ. ಕೆಲವೇ ಕೆಲವು ಗಿಡಗಳಲ್ಲಿ ಈ ಕೊಳವೆಗಳಿಲ್ಲ, ನೀರು ಒಂದು ಜೀವಕೋಶದಿಂದ ಇನ್ನೊಂದಕ್ಕೆ ಜಿನುಗುತ್ತಾ ಏರಬೇಕು. ಅಂಥ ಗಿಡಗಳ ಕಾಂಡ ಹೂಬಿಡುವ ಸಸ್ಯಗಳ ವಿಕಾಸದ ಬಗ್ಗೆ ಏನು ಹೇಳುತ್ತದೆ ಎಂಬುದು ಬೈಲಿ ವರ್ಷಗಟ್ಟಲೆ ಬೆನ್ನು ಹತ್ತಿದ್ದ ಪ್ರಶ್ನೆ. ಸ್ವಾಮಿ ಬೈಲಿಯ ಹೆಸರಿಟ್ಟದ್ದು ಕೊಳವೆಗಳಿಲ್ಲವೆಂದು ಆಗ ತಿಳಿದಿದ್ದ ಅಂಥದೇ ಒಂದು ಗಿಡಕ್ಕೆ. ಸುಂದರ ಹೂವಿನ ಗಿಡವೊಂದಕ್ಕೆ ಇಟ್ಟಿದ್ದರೆ ಅದು ಗೌರವ ಆಗುತ್ತಿತ್ತು, ಹಾರ ಹಾಕಿದ ಹಾಗೆ. ಇದು ‘ನೀವು ಏನು ಹುಡುಕುತ್ತಿದ್ದಿರಿ ಎಂದು ನನಗೆ ಗೊತ್ತು, ಇಗೋ ಅದರಲ್ಲಿ ಇನ್ನೊಂದು’ ಎಂಬ ಮಾತು. ಕೃತವನ್ನು ಬಲ್ಲವನ ಮಾತು. ಬ್ಲಾಟಿಂಗ್ ಪೇಪರಿನ ಮೇಡಂ ಹೇಳಿದ್ದೂ ಈ ಜಾತಿಯದೇ.

ಆದರೆ ಸಸ್ಯಶಾಸ್ತ್ರದ ನಾಮಕರಣವೂ ಒಂದು ಅರಿಕೆಯ ಪುಟ, ಅದಕ್ಕೂ ಶ್ರೇಣಿಯಿದೆ. ಅಲ್ಲಿ ಹೆಸರಾಗುವವರು ಹೆಚ್ಚಾಗಿ ಪ್ರಾಧ್ಯಾಪಕರು, ಸಸ್ಯಸಂಗ್ರಾಹಕ ದೊರೆಗಳು, ಹಣ ಕೊಟ್ಟವರು. ಕಾಡಿನಲ್ಲಿ ದಾರಿ ತೋರಿಸಿದವರು, ಜಿಗಣೆ ಕಡಿಸಿಕೊಂಡು ಕೊಂಬೆ ಹತ್ತಿ ಹೂ ಕಿತ್ತುಕೊಟ್ಟವರು, ಒತ್ತುಹಲಗೆಯನ್ನು ತಲೆಯ ಮೇಲೆ ಹೊತ್ತು ಇಳಿದವರು ಆ ಲ್ಯಾಟಿನ್‌ನಲ್ಲಿ ಅಪರೂಪ. ಅವರು ಉಳಿದಿದ್ದರೆ ಉಳಿದಿರುವುದು ‘ಹಸುರು ಹೊನ್ನು’ವಿನಂಥ ಕನ್ನಡ ಪುಸ್ತಕಗಳಲ್ಲಿ, ಪ್ರವಾಸದ ಮಾತುಕತೆಯ ನಡುವೆ, ಒಂದು ಅಡ್ಡ ಹೆಸರಾಗಿಯೋ ಒಂದು ಸಿಡುಕಾಗಿಯೋ. ನನ್ನ ವಿದ್ಯಾರ್ಥಿಗಳಿಗೆ ಈ ಸಲ ಎರಡನ್ನೂ ಒಟ್ಟಿಗೆ ಓದಲು ಕೊಟ್ಟಿದ್ದೇನೆ, ‘ಕರ್ವಾಲೊ’ ಮತ್ತು ‘ಹಸುರು ಹೊನ್ನು’. ಜೊತೆಗೆ ಒಂದು ಸಣ್ಣ ಕೆಲಸ: ಓತಿ ಸಿಕ್ಕಿತೆಂದು ಇಟ್ಟುಕೊಂಡು, ಕರ್ವಾಲೊ ಬರೆಯುವ ಪ್ರಬಂಧದ ಕೊನೆಯ ಕೃತಜ್ಞತೆಯ ಭಾಗವನ್ನು ಹತ್ತು ಸಾಲಿನಲ್ಲಿ ಬರೆದು ತನ್ನಿ. ‘ಪರೋಕ್ಷವಾಗಿ’ ಎಂಬ ಪದ ಬಳಸುವಂತಿಲ್ಲ. ಇಬ್ಬರು ಈಗಾಗಲೇ ತಂದುಕೊಟ್ಟಿದ್ದಾರೆ. ಒಬ್ಬಳು ಮಂದಣ್ಣನ ಹೆಸರನ್ನು ಕೃತಜ್ಞತೆಯಿಂದ ತೆಗೆದು ಪ್ರಬಂಧದ ತಲೆಗೆ, ಕರ್ವಾಲೊ ಅವರ ಹೆಸರಿಗಿಂತ ಮೊದಲು ಹಾಕಿದ್ದಾಳೆ. ಇನ್ನೊಬ್ಬ ಬಿರಿಯಾನಿ ಕರಿಯಪ್ಪ ಯಾವ ದಿನ ಏನು ಅಡುಗೆ ಮಾಡಿದ ಎಂದು ದಿನಾಂಕ ಹಾಕಿ ಬರೆದಿದ್ದಾನೆ.